ಕೋಶದ ಚಿತ್ರಗಳಲ್ಲಿ ಮಾಡೆಲ್‌ಗೆ ಶೇ. 96, ಹೊಸ ಪ್ಲೇಟ್ ಕೊಟ್ಟರೆ ಶೇ. 31: ಎಲ್ಲಿ ತಪ್ಪಿದೆ?

ತುಂಗಾದಡ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಕಾಲೇಜು ಲ್ಯಾಬಿನ ಕೆಲಸ. ಮಲೆನಾಡಿನ 10 ಗಿಡಗಳ ಎಲೆ, ತೊಗಟೆಯಿಂದ ಮೆಥನಾಲ್ ಸಾರ ತೆಗೆದು ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳಿಗೆ ಹಾಕುತ್ತಿದ್ದೇವೆ. ಕೋಶದ ರೂಪ ಬದಲಾಗುವುದನ್ನು ನೋಡಿ, ಯಾವ ಸಾರ ಯಾವ ಬಗೆಯ ಔಷಧಿಯ ಹಾಗೆ ಕೆಲಸ ಮಾಡುತ್ತದೆ ಎಂದು ಗುರುತಿಸಬೇಕು.

96 ಗುಂಡಿಯ (ಕೋಶ ಬೆಳೆಸುವ ಪುಟ್ಟ ಕುಳಿಗಳ) ಪ್ಲೇಟ್. 1ನೇ ಕಾಲಂ ಬರೀ ಡಿಎಂಎಸ್‌ಒ (ಸಾರ ಕರಗಿಸುವ ದ್ರಾವಕ, ಹೋಲಿಕೆಗೆ), 2ರಿಂದ 11 ಒಂದೊಂದು ಗಿಡ, 12ನೇ ಕಾಲಂ ಕ್ಯಾಂಪ್ಟೋಥೆಸಿನ್ (ಕ್ಯಾನ್ಸರ್ ಕೋಶ ಕೊಲ್ಲುವುದೆಂದು ಮೊದಲೇ ಗೊತ್ತಿರುವ ರಾಸಾಯನಿಕ). ಎಲ್ಲ ಪ್ಲೇಟಿಗೂ ಇದೇ ಜೋಡಣೆ. ಸಾರ 100 ಮೈಕ್ರೋಗ್ರಾಂ/ಮಿಲೀ, 24 ಗಂಟೆ. ಬಣ್ಣಗಳು: ನ್ಯೂಕ್ಲಿಯಸ್‌ಗೆ ಹೆಕ್ಸ್ಟ್, ಆಕ್ಟಿನ್ ಪ್ರೋಟೀನಿನ ಎಳೆಗಳಿಗೆ ಫ್ಯಾಲಾಯ್ಡಿನ್ 488, ಮೈಟೋಕಾಂಡ್ರಿಯಾಕ್ಕೆ ಮೈಟೋಟ್ರ್ಯಾಕರ್ ಡೀಪ್ ರೆಡ್. 20ಎಕ್ಸ್ ಲೆನ್ಸ್, ಗುಂಡಿಗೆ 9 ಚಿತ್ರ, 3 ಪ್ಲೇಟಿನಿಂದ 2,592 ಚಿತ್ರ. 2048 ಪಿಕ್ಸೆಲ್ ಅಗಲದ ಚಿತ್ರವನ್ನು 224ಕ್ಕೆ ಇಳಿಸಿ ರೆಸ್‌ನೆಟ್-50 ಎಂಬ ಚಿತ್ರ ಗುರುತಿಸುವ ಎಐ ಮಾಡೆಲ್‌ಗೆ ಕೊಟ್ಟೆ. ಶೇ. 80 ತರಬೇತಿಗೆ, ಶೇ. 20 ಪರೀಕ್ಷೆಗೆ. ನಿಖರತೆ ಶೇ. 96 ಬಂತು. ಎರಡು ವಾರ ಬಿಟ್ಟು ಮಾಡಿದ ನಾಲ್ಕನೇ ಪ್ಲೇಟ್ ಕೊಟ್ಟರೆ ಶೇ. 31. ಇನ್ನೂ ದೊಡ್ಡ ಮಾಡೆಲ್ ಬೇಕೇ?

ಚೊಗರು:

ಮಾಡೆಲ್ ಬದಲಿಸಬೇಡಿ. ಚಿತ್ರ ಹಂಚಿದ ರೀತಿಯಲ್ಲೇ ತಪ್ಪಿದೆ. ಒಂದೇ ಗುಂಡಿಯ 9 ಚಿತ್ರಗಳಲ್ಲಿ ಏಳು ತರಬೇತಿಗೆ, ಎರಡು ಪರೀಕ್ಷೆಗೆ ಹೋಗಿರುತ್ತವೆ. ಹಾಗಾದಾಗ ಮಾಡೆಲ್ ಔಷಧಿಯನ್ನು ಕಲಿಯಬೇಕಾಗಿಲ್ಲ, ಗುಂಡಿಯನ್ನು ನೆನಪಿಟ್ಟುಕೊಂಡರೆ ಸಾಕು.

ತೀರ್ಥಹಳ್ಳಿ ಕಡೆ ಅಡಿಕೆ ಬೇಯಿಸುವ ಒಂದೊಂದು ಮನೆಯ ಚೊಗರಿಗೂ (ಅಡಿಕೆ ಬೆಂದ ಕೆಂಪು ರಸ) ಒಂದೊಂದು ಬಣ್ಣ. ರಾಶಿ ದರ್ಜೆಯದೆಲ್ಲ ಒಂದು ಮನೆಯದು, ಬೆಟ್ಟೆ ದರ್ಜೆಯದೆಲ್ಲ ಇನ್ನೊಂದು ಮನೆಯದು ತಂದು ಕಂಪ್ಯೂಟರಿಗೆ ತೋರಿಸಿದರೆ ಅದು ಅಡಿಕೆಯ ದರ್ಜೆ ಕಲಿಯುವುದಿಲ್ಲ, ಚೊಗರಿನ ಬಣ್ಣ ಕಲಿಯುತ್ತದೆ. ಮೂರನೇ ಮನೆಯ ಅಡಿಕೆ ಬಂದ ದಿನ ಸಿಕ್ಕಿಬೀಳುತ್ತದೆ. ನಿಮ್ಮ ಪ್ಲೇಟಿನಲ್ಲಿ ಗಿಡ ಎಂದರೆ ಕಾಲಂ, ಕಾಲಂ ಎಂದರೆ ಗಿಡ. ಅದರ ಮೇಲೆ ಡಿಎಂಎಸ್‌ಒ ಮತ್ತು ಕ್ಯಾಂಪ್ಟೋಥೆಸಿನ್ ಎರಡೂ ಅಂಚಿನಲ್ಲಿವೆ. ಅಂಚಿನ ಗುಂಡಿಯಲ್ಲಿ ಮೀಡಿಯಾ (ಕೋಶ ಬೆಳೆಸುವ ದ್ರವ) ಬೇಗ ಆರುತ್ತದೆ, ಲವಣಾಂಶ ಏರುತ್ತದೆ, ಕೋಶ ಒಂದು ಬದಿಗೆ ಗುಂಪಾಗುತ್ತದೆ. ಮಾಡೆಲ್‌ಗೆ ಅಷ್ಟು ಸುಳಿವು ಧಾರಾಳವಾಯಿತು.

ಮೂರು ಪರೀಕ್ಷೆ ಇವತ್ತೇ ಮಾಡಿ:

ಒಂದು, ಡಿಎಂಎಸ್‌ಒ ಚಿತ್ರಗಳನ್ನಷ್ಟೇ ತೆಗೆದುಕೊಂಡು ‘ಇದು ಯಾವ ಪ್ಲೇಟ್’ ಎಂದು ಮಾಡೆಲ್‌ಗೆ ಕೇಳಿ, ಪರೀಕ್ಷೆಗೆ ಬೇರೆ ಗುಂಡಿಗಳನ್ನು ಇಟ್ಟುಕೊಂಡು. ಸಲೀಸಾಗಿ ಹೇಳಿದರೆ ಪ್ಲೇಟಿನ ಗುರುತು ಚಿತ್ರದಲ್ಲೇ ಕೂತಿದೆ ಎಂದರ್ಥ. ಎರಡು, ಕೋಶವೇ ಇಲ್ಲದ ಖಾಲಿ ಜಾಗದ ತುಂಡುಗಳನ್ನು ಕತ್ತರಿಸಿ ಕೊಟ್ಟು, ಗಿಡ ಯಾವುದೆಂದು ಕೇಳಿ. ಮೂರು, ಚಿತ್ರ ಬಿಟ್ಟು ಬರೀ ಕೋಶಗಳ ಎಣಿಕೆಯಿಂದ ಎಷ್ಟು ನಿಖರತೆ ಬರುತ್ತದೆ ನೋಡಿ. 100 ಮೈಕ್ರೋಗ್ರಾಂ ಹಸಿ ಸಾರಕ್ಕೆ ಹೆಚ್ಚಿನದು. ಸಾಯುತ್ತಿರುವ ಕೋಶಗಳು ಯಾವ ವಿಷಕ್ಕೆ ಸತ್ತರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. 3, 10, 30, 100 ಹೀಗೆ ನಾಲ್ಕು ಪ್ರಮಾಣ ಇಡಿ, ಎಣಿಕೆ ಡಿಎಂಎಸ್‌ಒದ ಅರ್ಧಕ್ಕಿಂತ ಕೆಳಗಿಳಿದ ಗುಂಡಿಗಳನ್ನು ರೂಪದ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮುಂದಿನ ಪ್ಲೇಟಿನಲ್ಲಿ ಅಂಚಿನ 36 ಗುಂಡಿಗೆ ಬರೀ ಮೀಡಿಯಾ ತುಂಬಿ, ಒಳಗಿನ 60 ಮಾತ್ರ ಬಳಸಿ. ಡಿಎಂಎಸ್‌ಒಗೆ 8ರಿಂದ 10 ಗುಂಡಿ, ಚದುರಿಸಿ. ಗಿಡಗಳ ಜಾಗ ಪ್ರತಿ ಪ್ಲೇಟಿಗೂ ಬದಲಿಸಿ. ಪರೀಕ್ಷೆಗೆ ಇಡೀ ಪ್ಲೇಟನ್ನೇ ಪಕ್ಕಕ್ಕಿಡಿ.

ನೆಲನೆಲ್ಲಿ:

ಚೊಗರು ಅವರು ಹೇಳಿದ್ದು ಸರಿ. ನನಗೆ ಅದಕ್ಕಿಂತ ಭಯ ಹುಟ್ಟಿಸುವುದು ಮೈಟೋಟ್ರ್ಯಾಕರ್ ಚಾನೆಲ್ (ಆ ಬಣ್ಣದ ಬೆಳಕನ್ನು ಹಿಡಿಯುವ ಚಿತ್ರ). ಎಲೆಯ ಮೆಥನಾಲ್ ಸಾರ ಹಸಿರಾಗಿಯೇ ಇರುತ್ತದೆ, ಅಂದರೆ ಕ್ಲೋರೊಫಿಲ್ ತುಂಬಿದೆ. ಕ್ಲೋರೊಫಿಲ್ ಕೆಂಪು ಬೆಳಕು ಹೀರಿ 670–680 ನ್ಯಾನೋಮೀಟರ್ ಸುಮಾರಿಗೆ ಹೊಳೆಯುತ್ತದೆ. ಡೀಪ್ ರೆಡ್ ಹೊಳೆಯುವುದು 665ರ ಆಸುಪಾಸು. ಒಂದೇ ಫಿಲ್ಟರ್ ಎರಡನ್ನೂ ಹಿಡಿಯುತ್ತದೆ. ಸಾರ ಹಾಕಿ, ಯಾವ ಬಣ್ಣವನ್ನೂ ಹಾಕದ ಒಂದು ಗುಂಡಿ ಇಟ್ಟು ಅದೇ ಎಕ್ಸ್‌ಪೋಷರ್‌ನಲ್ಲಿ ನೋಡಿ. ನ್ಯೂಕ್ಲಿಯಸ್ ಸುತ್ತ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು ಹೊಳೆದರೆ ಅದು ಮೈಟೋಕಾಂಡ್ರಿಯಾ ಅಲ್ಲ, ಕೋಶ ನುಂಗಿಕೊಂಡ ಸಾರ. ಸಾರ ತೆಗೆಯುವ ಮೊದಲು ಪುಡಿಯನ್ನು ಪೆಟ್ರೋಲಿಯಂ ಈಥರ್‌ನಲ್ಲಿ ತೊಳೆದರೆ ಇದು ಕಡಿಮೆಯಾಗುತ್ತದೆ. ಅರಿಶಿನ ಜಾತಿಯ ಗೆಡ್ಡೆ ಇದ್ದರೆ ಕರ್ಕ್ಯುಮಿನ್ ಹಸಿರು ಚಾನೆಲ್‌ನಲ್ಲಿ ಹೊಳೆಯುತ್ತದೆ, ಅದನ್ನೂ ನೋಡಿ.

ತೊಗಟೆ, ಅಡಿಕೆ ಇದ್ದರೆ ಒಗರು ಕೊಡುವ ಟ್ಯಾನಿನ್ ಕಾಟ. ಅದು ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟುತ್ತದೆ, ಕೋಶ ತಳ ಬಿಟ್ಟು ಏಳುತ್ತದೆ, ನೋಡಿದವರಿಗೆ ‘ಔಷಧಿ ಕೆಲಸ ಮಾಡಿತು’ ಅನ್ನಿಸುತ್ತದೆ. ಟ್ಯಾನಿನ್ ಹಿಡಿದುಕೊಳ್ಳುವ ಪಿವಿಪಿಪಿ ಎಂಬ ಪಾಲಿಮರ್‌ನ 100 ಮಿಗ್ರಾಂ ಪುಡಿಗೆ 1 ಮಿಲೀ ನೀರು, 1 ಮಿಲೀ ಸಾರ ಸೇರಿಸಿ, 4 ಡಿಗ್ರಿಯಲ್ಲಿ 15 ನಿಮಿಷ ಇಟ್ಟು ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದುಕೊಳ್ಳಿ. ಬೇಕಾದ ಫೀನಾಲ್‌ಗಳೂ ಜೊತೆಗೆ ಹೋಗಬಹುದು, ಹಾಗಾಗಿ ತೆಗೆದದ್ದು, ತೆಗೆಯದ್ದು ಎರಡನ್ನೂ ಓಡಿಸಿ.

ಮಳೆಗಾಲದ ಮಾತು: ಡಿಎಂಎಸ್‌ಒ ಗಾಳಿಯ ತೇವ ಹೀರುತ್ತದೆ. ಆಗುಂಬೆ ಸೀಮೆಯ ಆಷಾಢದ ಹವೆಯಲ್ಲಿ ಬಾಟಲಿ ತೆರೆದು ತೆರೆದು ಬಳಸಿದರೆ ಸ್ಟಾಕ್ ತೆಳುವಾಗುತ್ತದೆ, ಸಾರ ತಳಕ್ಕೆ ಕೂರುತ್ತದೆ. 50 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬುಗಳಿಗೆ ಹಂಚಿಡಿ, ಒಂದು ಸಲ ತೆರೆದದ್ದನ್ನು ಮತ್ತೆ ಬಳಸಬೇಡಿ. ಪ್ಲೇಟಿನಲ್ಲಿ ಡಿಎಂಎಸ್‌ಒ ಶೇ. 0.5 ಮೀರದಿರಲಿ, ಎಲ್ಲ ಗುಂಡಿಗೂ ಸಮ ಇರಲಿ. ಲೆನ್ಸಿಗೆ ಬೂಷ್ಟು ಬರುವ ಕಾಲವೂ ಇದೇ. ಲೆನ್ಸ್ ಡಬ್ಬಿಯ ಸಿಲಿಕಾ ಜೆಲ್ ಬಣ್ಣ ಬದಲಾದಾಗೆಲ್ಲ ಹುರಿದು ಹಾಕಿ.

ತುಂಗಾದಡ:

ಖಾಲಿ ಜಾಗದ ಪರೀಕ್ಷೆ ಮಾಡಿದೆ. ಕೋಶವೇ ಇಲ್ಲದ ತುಂಡಿನಿಂದಲೂ ಶೇ. 70ರಷ್ಟು ಸರಿಯಾಗಿ ಹೇಳುತ್ತಿದೆ! ಬಣ್ಣ ಹಾಕದ ಗುಂಡಿಯಲ್ಲಿ ಎರಡು ಎಲೆ ಸಾರಗಳು ಕೆಂಪು ಚಾನೆಲ್‌ನಲ್ಲಿ ಹೊಳೆಯುತ್ತಿವೆ. ಪ್ಲೇಟ್ ಹೊಸದಾಗಿ ಮಾಡುತ್ತೇನೆ. ಚಿತ್ರದ ಕಡೆ ಏನು ಬದಲಿಸಲಿ? 8 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಇದೆ.

ಪಿಕ್ಸೆಲ್_ಸಾಗರ:

ಮೊದಲು 224ಕ್ಕೆ ಇಳಿಸುವುದನ್ನು ಬಿಡಿ. ಕ್ಯಾಮೆರಾ ಪಿಕ್ಸೆಲ್ 6.5 ಮೈಕ್ರೋಮೀಟರ್ ಆಗಿದ್ದರೆ 20ಎಕ್ಸ್‌ನಲ್ಲಿ ಒಂದು ಪಿಕ್ಸೆಲ್ ಎಂದರೆ 0.325 ಮೈಕ್ರೋಮೀಟರ್. 13 ಮೈಕ್ರೋಮೀಟರ್ ನ್ಯೂಕ್ಲಿಯಸ್ 40 ಪಿಕ್ಸೆಲ್ ಇರುತ್ತದೆ. ನೀವು ಇಳಿಸಿದ ಮೇಲೆ ಉಳಿಯುವುದು ನಾಲ್ಕು ಪಿಕ್ಸೆಲ್. ಕ್ಯಾಂಪ್ಟೋಥೆಸಿನ್ ಹಾಕಿದಾಗ ನ್ಯೂಕ್ಲಿಯಸ್ ಊದುವುದು, ಬೇರೆ ಔಷಧಿಗೆ ಆಕ್ಟಿನ್ ಎಳೆ ಕಡಿಯುವುದು ಯಾವುದೂ ಅದರಲ್ಲಿ ಉಳಿದಿರುವುದಿಲ್ಲ.

ಸೆಲ್‌ಪೋಸ್ ಎಂಬ ತಂತ್ರಾಂಶದಲ್ಲಿ ನ್ಯೂಕ್ಲಿಯಸ್ ಗುರುತಿಸಿ (ವ್ಯಾಸ 40 ಕೊಡಿ), ಪ್ರತಿ ಕೋಶದ ಸುತ್ತ 160 ಪಿಕ್ಸೆಲ್ ಚೌಕ ಕತ್ತರಿಸಿ. ಚಿತ್ರ 16 ಬಿಟ್ ಟಿಫ್ ಆಗಿರಲಿ, ಜೆಪೆಗ್ ಬೇಡ. ಆಟೋ ಎಕ್ಸ್‌ಪೋಷರ್ ಕಡ್ಡಾಯವಾಗಿ ಆಫ್. ಪ್ರತಿ ಚಿತ್ರವನ್ನೂ ಅದರದೇ ಕನಿಷ್ಠ–ಗರಿಷ್ಠಕ್ಕೆ ಹಿಗ್ಗಿಸಿದರೆ ಮಂಕಾದ ಗುಂಡಿಯೂ ಹೊಳೆಯುವ ಗುಂಡಿಯೂ ಒಂದೇ ಆಗಿಬಿಡುತ್ತವೆ. ಆ ಪ್ಲೇಟಿನ ಡಿಎಂಎಸ್‌ಒ ಗುಂಡಿಗಳ 0.1 ಮತ್ತು 99.9 ಪರ್ಸೆಂಟೈಲ್ ಹಿಡಿದು ಎಲ್ಲಕ್ಕೂ ಅದೇ ಅಳತೆ ಹಾಕಿ. ಮಧ್ಯ ಬೆಳಕು, ಮೂಲೆ ಕತ್ತಲು ಆಗುವುದನ್ನು ಕೋಶ ಅಳೆಯುವ ತಂತ್ರಾಂಶ ಸೆಲ್‌ಪ್ರೊಫೈಲರ್‌ನ ಇಲ್ಯುಮಿನೇಶನ್ (ಬೆಳಕಿನ) ತಿದ್ದುವಿಕೆಯಲ್ಲಿ ಸರಿಮಾಡಿ, ಚಾನೆಲ್‌ಗೆ ಒಂದರಂತೆ, ಪ್ಲೇಟಿಗೆ ಬೇರೆ ಬೇರೆ.

ಇಷ್ಟು ಕಡಿಮೆ ಗುಂಡಿಗಳಿಗೆ ರೆಸ್‌ನೆಟ್ ಪೂರ್ತಿ ತರಬೇತಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಸೆಲ್‌ಪ್ರೊಫೈಲರ್ ಅಳತೆಗಳನ್ನೋ, ಮೊದಲೇ ಕಲಿತಿರುವ ಡೈನೋವಿ2 ಮಾಡೆಲ್ ಮತ್ತೆ ತರಬೇತಿಯಿಲ್ಲದೆ ಕೊಡುವ ಫೀಚರ್‌ಗಳನ್ನೋ (ಚಿತ್ರವನ್ನು ಬಣ್ಣಿಸುವ ಅಂಕಿಗಳು) ತೆಗೆದುಕೊಳ್ಳಿ. ಗುಂಡಿಯ ಎಲ್ಲ ಕೋಶಗಳ ಮೀಡಿಯನ್ (ನಡುವಿನ ಬೆಲೆ) ತೆಗೆದು, ಆ ಪ್ಲೇಟಿನ ಡಿಎಂಎಸ್‌ಒ ಮೀಡಿಯನ್ ಕಳೆದು, ಡಿಎಂಎಸ್‌ಒದ ಎಂಎಡಿಯಿಂದ (ಮೀಡಿಯನ್‌ನಿಂದ ಇರುವ ದೂರಗಳ ಮೀಡಿಯನ್) ಭಾಗಿಸಿ. ಪೈಸೈಟೊಮೈನರ್ ತಂತ್ರಾಂಶ ಇದನ್ನು ಮಾಡಿಕೊಡುತ್ತದೆ. ಆಮೇಲೆ ಕೊಸೈನ್ ಹೋಲಿಕೆಯಲ್ಲಿ (ಎರಡು ಗುಂಡಿಗಳ ಅಂಕಿಗಳು ಎಷ್ಟು ಒಂದೇ ದಿಕ್ಕಿನವು ಎಂಬ ಅಳತೆ) ಹತ್ತಿರದ ನೆರೆ ಹುಡುಕಿ. ಒಂದು ಸಾರದ ಗುಂಡಿಗೆ ಹತ್ತಿರದವು ಬೇರೆ ಪ್ಲೇಟಿನ, ಬೇರೆ ಜಾಗದ ಅದೇ ಸಾರದ ಗುಂಡಿಗಳೇ ಆಗಿರಬೇಕು. ಆ ಮಟ್ಟ ಮುಟ್ಟದ ಸಾರವನ್ನು ಪಟ್ಟಿಯಿಂದ ಬಿಡಿ.

ಕೈ ಪಳಗಿಸಲು ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟ್ ಮುಕ್ತವಾಗಿ ಇಟ್ಟಿರುವ ಬಿಬಿಬಿಸಿ021 ಎಂಬ ಕೋಶಚಿತ್ರಗಳ ಸಂಗ್ರಹ ತೆಗೆದುಕೊಳ್ಳಿ. ನಿಮ್ಮದೇ ಎಂಸಿಎಫ್-7 ಕೋಶ, 113 ರಾಸಾಯನಿಕ, 8 ಪ್ರಮಾಣ. ಅದರಲ್ಲಿ 103 ಉಪಚಾರಗಳಿಗೆ (ಒಂದು ರಾಸಾಯನಿಕ, ಅದರ ಒಂದು ಪ್ರಮಾಣ) 12 ಕಾರ್ಯವಿಧಾನಗಳ ಹೆಸರು ಹಚ್ಚಿದ್ದಾರೆ. ಅಂಕ ಕೊಡುವಾಗ ಅದೇ ರಾಸಾಯನಿಕದ ಬೇರೆ ಪ್ರಮಾಣವನ್ನು ನೆರೆಯಾಗಿ ಎಣಿಸುವಂತಿಲ್ಲ. ಅದೇ ಬ್ಯಾಚಿನದನ್ನೂ (ಒಟ್ಟಿಗೆ ಮಾಡಿದ ಪ್ಲೇಟುಗಳದ್ದು) ಬಿಡುವ ಕಠಿಣ ನಿಯಮ ಇನ್ನೊಂದಿದೆ, ಎರಡೂ ಲೆಕ್ಕ ಹಾಕಿ.

ನೆಲನೆಲ್ಲಿ:

ಒಂದು ಸೇರಿಸುತ್ತೇನೆ. ಕ್ಯಾಂಪ್ಟೋಥೆಸಿನ್ ಒಂದೇ ಕಂಟ್ರೋಲ್ (ಹೋಲಿಕೆಯ ಔಷಧಿ) ಸಾಲದು. ಟ್ಯೂಬುಲಿನ್ (ಕೋಶದ ಹಂದರದ ಇನ್ನೊಂದು ಪ್ರೋಟೀನ್) ಮೇಲೆ ಕೆಲಸ ಮಾಡುವ ಪ್ಯಾಕ್ಲಿಟ್ಯಾಕ್ಸೆಲ್, ಆಕ್ಟಿನ್ ಮೇಲೆ ಕೆಲಸ ಮಾಡುವ ಸೈಟೊಕಲಾಸಿನ್ ಡಿ ಕೂಡ ಇಡಿ. ನಿಮ್ಮ 10 ಗಿಡಗಳಲ್ಲಿ ದುರ್ವಾಸನೆ ಮರ ಇದೆಯೇ? ಅದರಲ್ಲಿ ಕ್ಯಾಂಪ್ಟೋಥೆಸಿನ್ ಸಹಜವಾಗಿಯೇ ಇದೆ. ಅದರ ಸಾರ ಶುದ್ಧ ಕ್ಯಾಂಪ್ಟೋಥೆಸಿನ್ ಪಕ್ಕದಲ್ಲಿ ಬಂದು ಕೂತರೆ ನಿಮ್ಮ ಜೋಡಣೆ ಸರಿಯಿದೆ. ದೂರ ಹೋದರೆ ಉಳಿದ ಒಂಬತ್ತನ್ನು ನೋಡುವ ಮೊದಲು ಅದೇಕೆಂದು ಹುಡುಕಿ.

ತುಂಗಾದಡ:

ಇದೆ, 7ನೇ ಕಾಲಂ. ಸೋಮವಾರ ಹೊಸ ಪ್ಲೇಟ್ ಹಾಕುತ್ತೇನೆ.