ಈಜಿಪ್ಟಿನಿಂದ ಪಪೈರಸ್ ತಂದವರು ಸ್ವಲ್ಪ ಹೇಳಿ

ಮುಂದಿನ ತಿಂಗಳು ಅಪ್ಪ ಅಮ್ಮನ ಜೊತೆ ಕೈರೋ, ಲಕ್ಸರ್‌ಗೆ ಹೊರಟಿದ್ದೇವೆ. ಪಪೈರಸ್ ಅಂದರೆ ಅದೇ ಹೆಸರಿನ ಗಿಡದ ದಂಟಿನಿಂದ ಮಾಡುವ ಹಾಳೆ. ನೆನಪಿಗೆ ಅದರ ಮೇಲೆ ಬರೆದ ಒಂದು ಚಿತ್ರ ತರುವ ಆಸೆ. ನಕಲಿ ಜಾಸ್ತಿ ಅಂತ ಕೇಳಿದೆ. ನೀವು ಹೇಗೆ ನೋಡಿ ತಂದಿರಿ?

ಉತ್ತರ 1

ಖಂಡಿತ ತನ್ನಿ, ಆದರೆ ಮೊದಲ ದಿನವೇ ಕೊಳ್ಳಬೇಡಿ. ನಾನು ಪಿರಮಿಡ್ ಹತ್ತಿರ ಕೈಲಿ ಹಿಡಿದು ಮಾರುವವರಿಂದ ಹತ್ತು ಹಾಳೆ ಕೊಂಡೆ. ಹೋಟೆಲಿಗೆ ಬಂದು ಸುತ್ತಿಡುವಾಗ ಎರಡು ನಡುವೆಯೇ ಬಿರುಕು ಬಿಟ್ಟವು. ದೀಪಕ್ಕೆ ಹಿಡಿದು ನೋಡಿದರೆ ಒಂದು ಗೆರೆಯೂ ಇಲ್ಲ. ತುಂಬಾ ಬೇಜಾರಾಯಿತು.

ಎರಡು ದಿನ ಬಿಟ್ಟು ಒಂದು ಅಂಗಡಿಯಲ್ಲಿ ಹಾಳೆ ಮಾಡುವುದನ್ನೇ ತೋರಿಸಿದರು. ಪಪೈರಸ್ ಗಿಡ ನಮ್ಮ ಕೆರೆಯಂಚಿನ ಜೊಂಡಿನ ಕಡೆಯದ್ದು, ದಂಟಿಗೆ ಮೂರು ಮೂಲೆ. ಹಸಿರು ಸಿಪ್ಪೆ ಸುಲಿದು ಒಳಗಿನ ಬಿಳಿ ತಿರುಳನ್ನು ಉದ್ದಕ್ಕೆ ತೆಳ್ಳಗೆ ಸೀಳಿದರು. ನೀರಲ್ಲಿ ನೆನೆದ ಪಟ್ಟಿಗಳನ್ನು ಲಟ್ಟಣಿಗೆಯಲ್ಲಿ ಒತ್ತಿ, ಒಂದು ಸಾಲು ಉದ್ದ, ಅದರ ಮೇಲೆ ಒಂದು ಸಾಲು ಅಡ್ಡ ಜೋಡಿಸಿದರು. ಆಮೇಲೆ ಬಟ್ಟೆಯ ನಡುವೆ ಇಟ್ಟು ಭಾರ ಹೇರುತ್ತಾರೆ. ಅಂಟು ಹಾಕುವುದಿಲ್ಲ, ಗಿಡದ ರಸವೇ ಸಾಕು. ತಾಳೆಗರಿಯಲ್ಲಿ ಎಲೆಯೇ ಹಾಳೆ. ಇಲ್ಲಿ ದಂಟಿನಿಂದ ಹಾಳೆ ಕಟ್ಟುತ್ತಾರೆ.

ಅದನ್ನು ಕಣ್ಣಾರೆ ಕಂಡ ಮೇಲೆ ಗುರುತು ಹಿಡಿಯುವುದು ಸುಲಭ. ಬೆಳಕಿಗೆ ಹಿಡಿಯಿರಿ. ಅಡ್ಡ ಉದ್ದ ಗೆರೆ ಕಾಣಬೇಕು, ಬಣ್ಣ ಅಲ್ಲಲ್ಲಿ ಏರುಪೇರಾಗಿರಬೇಕು. ಪಕ್ಕದ ಹಾಳೆಯಲ್ಲೂ ಅದೇ ಚಿತ್ರ ಗೆರೆಗೆ ಗೆರೆ ಹಾಗೇ ಇದ್ದರೆ ಅದು ಅಚ್ಚು ಹೊಡೆದದ್ದು. ಗೈಡ್ ಕರೆದುಕೊಂಡು ಹೋಗುವ ಅಂಗಡಿಯಲ್ಲಿ ಅವರ ಕಮಿಷನ್ ಸೇರಿರುತ್ತದೆ, ಚೌಕಾಸಿ ಮಾಡಿ.

ಉತ್ತರ 2

ಚೌಕಾಸಿ ಸರಿ, ಆದರೆ ಕೈಯಲ್ಲಿ ಬರೆದದ್ದಕ್ಕೆ ತೀರಾ ಇಳಿಸಬೇಡಿ. ಕಾಗದ ಬಂದ ಮೇಲೆ ಈ ಕಸುಬು ಈಜಿಪ್ಟಿನಲ್ಲಿ ಪೂರ್ತಿ ಮರೆತೇ ಹೋಗಿತ್ತು. 1960ರ ದಶಕದಲ್ಲಿ ಹಸನ್ ರಗಾಬ್ ಎಂಬುವರು ಸುಡಾನಿನಿಂದ ಗಿಡ ತರಿಸಿ, ಪ್ರಯೋಗ ಮಾಡಿ ಮಾಡಿ ಹಾಳೆ ಮಾಡುವ ಬಗೆಯನ್ನು ಮತ್ತೆ ಕಂಡುಕೊಂಡರು. ಈಗ ಶರ್ಕಿಯಾ ಪ್ರಾಂತ್ಯದ ಅಲ್-ಕರಮೂಸ್ ಹಳ್ಳಿಯವರು ಗಿಡವನ್ನೂ ಬೆಳೆಯುತ್ತಾರೆ, ಹಾಳೆಯನ್ನೂ ಮಾಡುತ್ತಾರೆ. 2011ರ ನಂತರ ಪ್ರವಾಸಿಗರು ಕಡಿಮೆಯಾಗಿ ಎಷ್ಟೋ ಮಂದಿ ಬಿಟ್ಟೇಬಿಟ್ಟರು. ನಾವು ಕೊಡುವ ದುಡ್ಡಿನಿಂದಲೇ ಇದು ಉಳಿಯಬೇಕು, ಅಲ್ವಾ?

ಇನ್ನೊಂದು ಮಾತು. ಯಾರಾದರೂ "ಇದು ಗೋರಿಯಲ್ಲಿ ಸಿಕ್ಕ ಹಳೇದು" ಅಂದರೆ ಅಲ್ಲಿಂದ ಸುಮ್ನೆ ಹೊರಟುಬಿಡಿ. ಅಲ್ಲಿ ಪುರಾತನ ವಸ್ತು ಮಾರುವುದನ್ನು 1983ರ ಕಾನೂನು ನಿಷೇಧಿಸಿದೆ.

ಉತ್ತರ 3

ನಾನು ಮಂಗಳೂರಿನವಳು. ಮಡಚಬೇಡಿ, ರಟ್ಟಿನ ಕೊಳವೆಯಲ್ಲಿ ತನ್ನಿ. ಗಾಜು ಹಾಳೆಗೆ ತಾಗದ ಹಾಗೆ ಫ್ರೇಮ್ ಹಾಕಿಸಿ. ನಮ್ಮದನ್ನು ಹಾಗೇ ಗೋಡೆಗೆ ಅಂಟಿಸಿದ್ದೆವು, ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿಯಿತು. ಕೆಂಪು ಸಮುದ್ರದ ತೀರದ ವಾದಿ ಅಲ್-ಜರ್ಫ್‌ನಲ್ಲಿ 2013ರಲ್ಲಿ ಸಿಕ್ಕ ಪಪೈರಸ್ ಸುಮಾರು 4,500 ವರ್ಷ ಹಳೆಯದು. ಖುಫುವಿನ ಪಿರಮಿಡ್‌ಗೆ ಕಲ್ಲು ಸಾಗಿಸಿದವರ ದಿನಚರಿ ಅದರಲ್ಲಿದೆ. ಅಲ್ಲಿಯ ಒಣ ಹವೆಗೆ ಅಷ್ಟು ಕಾಲ ಬಾಳಿತು, ನಮ್ಮ ತೇವಕ್ಕೆ ಬಾಳುವುದಿಲ್ಲ.

ಅಪ್ಪನಿಗೆ ಇದನ್ನೂ ಹೇಳಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಪಪೈರಸ್‌ನಲ್ಲಿ ಗ್ರೀಕ್ ಪ್ರಹಸನವಿದೆ. ಕಥೆ ನಡೆಯುವುದು ಭಾರತದ ಕರಾವಳಿಯಲ್ಲಿ. ಅಲ್ಲಿನವರ ಮಾತು ಕನ್ನಡವೇ ಅಂತ ಕೆಲವರು ಓದಿದ್ದಾರೆ, ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ನಾನು ಕೊಂಡ ಹಾಳೆಯಲ್ಲಿ ಚಿತ್ರ ಬೇಡ ಅಂದೆ. ಖಾಲಿ ಹಾಳೆ ತಂದು ಅಮ್ಮನ ಕೈಲಿ ಕನ್ನಡದಲ್ಲಿ ಅವಳ ಹೆಸರು ಬರೆಸಿದೆ. ಮಸಿ ಚೆನ್ನಾಗಿ ಹಿಡಿಯಿತು.