‘ಬೇರುಗಂಟು’ ರೋಗವೋ, ಒಳ್ಳೆಯದೋ? ಜೊತೆಗೆ ‘ಹೆಪ್ಪು’ ಪದದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಕುಷ್ಟಗಿ ತಾಲ್ಲೂಕಿನ ನಮ್ಮೂರ ರೈತರಿಗಾಗಿ ಸೋಯಾಬೀನ್ ಬಗ್ಗೆ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತಿದೆ.

ಸೋಯಾ, ಶೇಂಗಾ, ಕಡಲೆ ಗಿಡದ ಬೇರಿನಲ್ಲಿ ಸಣ್ಣ ಉಂಡೆಗಳಿರುತ್ತವಲ್ಲ, ಅದಕ್ಕೆ ನಾವು ಶಾಲೆಯಲ್ಲಿ ಕಲಿತ ಹೆಸರು ‘ಬೇರುಗಂಟು’. ಒಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಆದರೆ ನಮ್ಮಲ್ಲಿ ದಾಳಿಂಬೆ ಬೆಳೆದವರಿಗೆ ಬೇರುಗಂಟು ಅಂದರೆ ಜಂತುಹುಳು ಬೇರು ಹೊಕ್ಕು ಗಿಡ ಸೊರಗಿಸುವ ರೋಗ.

ಹೋದ ಮುಂಗಾರಿನಲ್ಲಿ ನಮ್ಮ ಕಾಕಾ ಸೋಯಾ ಗಿಡ ಕಿತ್ತು ನೋಡಿ ಗಾಬರಿಯಾದರು. “ತಮ್ಮಾ, ಇಲ್ಲೂ ಗಂಟು ಬಂದೈತಿ ನೋಡು, ಎಣ್ಣಿ ತರಬೇಕು” ಅಂದರು. ಎಣ್ಣಿ ಅಂದರೆ ಇಲ್ಲಿ ಕೀಟನಾಶಕ. ಒಂದು ಉಂಡೆಯನ್ನು ಉಗುರಿನಿಂದ ಸೀಳಿ ತೋರಿಸಿದೆ. ಒಳಗೆ ತಿಳಿಗೆಂಪು. ಆ ಬಣ್ಣ ಇದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ ಅಂತಲೇ. ಇದು ಬೇರಿನ ಪಕ್ಕಕ್ಕೆ ಅಂಟಿದಂತೆ ಇರುತ್ತದೆ, ತಿಕ್ಕಿದರೆ ಉದುರುತ್ತದೆ. ಹುಳುವಿನ ಗಂಟು ಹಾಗಲ್ಲ, ಅಲ್ಲಿ ಬೇರು ತಾನೇ ಊದಿರುತ್ತದೆ. ಕಣ್ಣಿಗೆ ಇಷ್ಟು ಬೇರೆ ಕಾಣುವುದಕ್ಕೆ ಹೆಸರು ಒಂದೇ ಆದರೆ ಹೇಗೆ?

‘ಬೇರುಗುಳ್ಳೆ’ ಅನ್ನೋಣವೆಂದರೆ ಅದೂ ರೋಗದಂತೆಯೇ ಕೇಳುತ್ತದೆ. ‘ಬೇರುಮಣಿ’ ನನಗೆ ಹಿಡಿಸಿದೆ. ಮಣಿಯ ಹಾಗೇ ಕಾಣುತ್ತದೆ, ಹೆದರಿಸುವುದಿಲ್ಲ.

ಎರಡನೆಯದು ‘ಜೈವಿಕ ಗೊಬ್ಬರ’. ರಂಜಕ (ಫಾಸ್ಫರಸ್) ಕರಗಿಸುವ ಬ್ಯಾಕ್ಟೀರಿಯಾದ ಪ್ಯಾಕೆಟ್ ಮೇಲೆ ಗೊಬ್ಬರ ಅಂತ ಕಂಡರೆ, ಒಳಗೆ ರಂಜಕವೇ ಇದೆ ಅಂದುಕೊಳ್ಳುತ್ತಾರೆ. ರಂಜಕ ಕೊಡುವ ಡಿಎಪಿ ಗೊಬ್ಬರ ಬಿಟ್ಟುಬಿಡುತ್ತಾರೆ. ನಮ್ಮ ಎರೆ ಹೊಲದಲ್ಲಿ ಸುಣ್ಣ ಜಾಸ್ತಿ, ಹಾಕಿದ ರಂಜಕವನ್ನು ಅದು ಕಟ್ಟಿಹಾಕುತ್ತದೆ. ಈ ಬ್ಯಾಕ್ಟೀರಿಯಾ ಆ ಕಟ್ಟನ್ನು ಒಂದಿಷ್ಟು ಬಿಡಿಸುತ್ತದೆ, ಹೊಸದಾಗಿ ರಂಜಕ ತರುವುದಿಲ್ಲ. ಬೇರಿನ ಉಂಡೆಗಳು ಚೆನ್ನಾಗಿ ಕಟ್ಟಿ ಸಾರಜನಕ ಹಿಡಿಯಬೇಕಾದರೂ ರಂಜಕ ಬೇಕು. ಹಾಗಾಗಿ ಪ್ಯಾಕೆಟ್ಟೂ ಬೇಕು, ರಂಜಕದ ಗೊಬ್ಬರವೂ ಬೇಕು.

ಇದಕ್ಕೆ ‘ಹೆಪ್ಪು’ ಅಂದರೆ ಹೇಗೆ? ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ ನೆರಳಲ್ಲಿ ಆರಿಸುವ ಈ ಪುಡಿ ಜೀವ ಇರುವಂಥದ್ದು. ಹೆಪ್ಪು ಹಾಲಿನ ಬದಲಿಗೆ ಅಲ್ಲ, ಹಾಲಿಗೆ ಹಾಕುವಂಥದ್ದು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಬಿಸಿ ತಾಗಿದರೆ ಕೆಡುತ್ತದೆ ಅನ್ನುವುದೂ ಗೊತ್ತು. ‘ರೈಜೋಬಿಯಂ ಹೆಪ್ಪು’, ‘ರಂಜಕ ಬಿಡಿಸುವ ಹೆಪ್ಪು’ ಅಂತ ಬರೆದಿದ್ದೇನೆ. ‘ಬೀಜೋಪಚಾರ’ ಎಲ್ಲರ ಬಾಯಲ್ಲೂ ಇದೆ, ಅದನ್ನು ಹಾಗೇ ಉಳಿಸಿದ್ದೇನೆ.

ರಾಯಚೂರು, ಬಳ್ಳಾರಿ ಕಡೆಯವರನ್ನು ಕೇಳುವುದು ಇಷ್ಟು: ಶೇಂಗಾ ಕೀಳುವಾಗ ಬೇರಿನ ಆ ಉಂಡೆಗಳನ್ನು ನಿಮ್ಮ ಮನೆಯ ಹಿರಿಯರು ಏನಂತ ಕರೆಯುತ್ತಿದ್ದರು? ಒಂದು ಹೆಸರು ಆಗಲೇ ಇದ್ದರೆ ‘ಬೇರುಮಣಿ’ಯನ್ನು ಈಗಲೇ ಕೈಬಿಡುತ್ತೇನೆ.