ಗಾಳ ಬೀಳುವ ಮೊದಲೇ ಬ್ರೌನ್ ಟ್ರೌಟ್ ಮೀನು ಓಡಿಹೋಗುತ್ತದೆ, ಏನು ಮಾಡಲಿ?

ಹೊಳೆಬದಿ:
ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ, ಎರೆಹುಳ ಚುಚ್ಚಿ ಗಾಳ ಹಾಕಿ ಬೆಳೆದವನು. ಈಗ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿದ್ದೇನೆ. ಫ್ಲೈ ಫಿಶಿಂಗ್ (ಕೊಕ್ಕೆಗೆ ಗರಿ, ಕೂದಲು ಸುತ್ತಿದ ಹುಸಿ ಹುಳ, ಅಂದರೆ ಫ್ಲೈ, ಎಸೆದು ಮೀನು ಹಿಡಿಯುವುದು) ಶುರುಮಾಡಿ ನಾಲ್ಕು ಶನಿವಾರ ಬ್ಲ್ಯಾಕ್ ಅರ್ತ್ ಕ್ರೀಕ್ ಎಂಬ ಹಳ್ಳಕ್ಕೆ ಹೋದೆ. ಒಂದು ಮೀನೂ ಇಲ್ಲ. ದಂಡೆಗೆ ಕಾಲಿಡುವಷ್ಟರಲ್ಲಿ ಕಪ್ಪು ನೆರಳೊಂದು ಸರ್ರನೆ ಹೋಗುತ್ತದೆ. ಫ್ಲೈಗಳೆಲ್ಲ ಹಿಂದಿನ ಪೊದೆಯ ಪಾಲು. ನನ್ನದು 9 ಅಡಿಯ ರಾಡ್, 5 ವೇಟ್ (ಎಸೆಯುವ ದಾರದ ತೂಕದ ಅಳತೆ). ಚಿಕ್ಕದು ಕೊಳ್ಳಬೇಕಾ?

ಕಣಿವೆದಾರಿ:
ಸುಮ್ನೆ ದುಡ್ಡು ಹಾಕಬೇಡಿ, ಆ ರಾಡ್ ಸಾಕು. ಹನ್ನೊಂದು ವರ್ಷದಿಂದ ಅದೇ ಹಳ್ಳದಲ್ಲಿ ಓಡಾಡುತ್ತಿದ್ದೇನೆ. ತೊಂದರೆ ನಡಿಗೆಯಲ್ಲಿದೆ.

ಟ್ರೌಟ್ ಹರಿವಿಗೆ ಮುಖ ಮಾಡಿ ನಿಂತು, ತೇಲಿ ಬರುವ ಹುಳಕ್ಕೆ ಕಾಯುತ್ತದೆ. ಅದಕ್ಕೇ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದೆ ಹೋಗಬೇಕು. ಬಗ್ಗಿಕೊಂಡು ಹೋಗಿ, ಮಡು ಹತ್ತಿರವಾದಾಗ ಮಂಡಿಯೂರಿ. ಮೊದಲ ಎಸೆತವೇ ಮಡುವಿನ ನಡುವಿಗೆ ಬೇಡ. ಮಡು ಮುಗಿದು ನೀರು ತೆಳುವಾಗುವ ಕಡೆ ಸಣ್ಣ ಮೀನುಗಳು ನಿಂತಿರುತ್ತವೆ. ಅವು ಬೆದರಿ ಮೇಲಕ್ಕೆ ಓಡಿದರೆ ದೊಡ್ಡದಕ್ಕೂ ಸುದ್ದಿ ಮುಟ್ಟಿತು ಅಂತಲೇ. ದೊಡ್ಡದು ಇರುವುದು ದಂಡೆಯ ಅಡಿಯಲ್ಲಿ, ನೀರು ಮಣ್ಣು ಕೊರೆದ ಪೊಟರೆಯಲ್ಲಿ.

ಪೊದೆ ಇದ್ದಲ್ಲಿ ರಾಡ್ ಹಿಂದಕ್ಕೆ ಬೀಸಲೇಬೇಡಿ. ಕೊಕ್ಕೆಯ ಬಾಗನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆಳೆಯಿರಿ. ರಾಡ್ ಬಿಲ್ಲಿನ ಹಾಗೆ ಬಗ್ಗುತ್ತದೆ. ಬಿಟ್ಟರೆ ಫ್ಲೈ ಕೊಂಬೆಯ ಕೆಳಗೇ ನುಗ್ಗುತ್ತದೆ. ತುದಿಗೆ 5ಎಕ್ಸ್ ಟಿಪ್ಪೆಟ್ (ಕೊನೆಯ ತೆಳು ದಾರ), ಅದಕ್ಕೆ ಎಲ್ಕ್ ಹೇರ್ ಕ್ಯಾಡಿಸ್ ಎಂಬ ತೇಲುವ ಫ್ಲೈ ಕಟ್ಟಿ. ಫ್ಲೈ ನೀರಿನ ವೇಗದಲ್ಲೇ ತೇಲಬೇಕು. ದಾರ ಎಳೆದು ಅದು ಗೆರೆ ಬಿಟ್ಟುಕೊಂಡು ಹೋದರೆ ಬ್ರೌನ್ ಟ್ರೌಟ್ ಬಾಯಿ ಹಾಕುವುದು ಅಪರೂಪ.

ತಣ್ಣೀರು:
ಥರ್ಮಾಮೀಟರ್ ಇಟ್ಟುಕೊಳ್ಳಿ. ಅಲ್ಲಿ ಸುಣ್ಣಕಲ್ಲಿನ ಒರತೆ ನೀರು, ಬುಗ್ಗೆಯ ಹತ್ತಿರ ಸುಮಾರು 10 ಡಿಗ್ರಿ ಸೆಲ್ಸಿಯಸ್. ಆದರೂ ಜುಲೈ ಮಧ್ಯಾಹ್ನ ಕೆಳಗಡೆ ಜಾಸ್ತಿ ಕಾಯುತ್ತದೆ. 20 ತಲುಪಿದರೆ ಮನೆಗೆ ಹೋಗಿ. ಬಿಸಿ ನೀರಲ್ಲಿ ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು. ಇನ್ನೊಂದು ಹಳ್ಳಕ್ಕೆ ಹೋಗುವ ಮುಂಚೆ ಬೂಟು ಉಜ್ಜಿ ತೊಳೆದು ಒಣಗಿಸಿ. ಬ್ಲ್ಯಾಕ್ ಅರ್ತ್‌ನಲ್ಲಿ 2013ರಲ್ಲೇ ನ್ಯೂಜಿಲೆಂಡ್ ಮಡ್ ಸ್ನೇಲ್ ಸಿಕ್ಕಿದೆ. ಬೂಟಿಗಂಟಿ ಹರಡುವ ಹೊರಗಿನ ಬಸವನಹುಳ ಅದು, ಮರಿ ಸಾಸಿವೆಯಷ್ಟು, ಕಣ್ಣಿಗೆ ಬೀಳುವುದೇ ಇಲ್ಲ.

ಕಣಿವೆದಾರಿ:
ಹೌದು, ಬೂಟಿನ ಮಾತು ನಾನೇ ಮೊದಲು ಹೇಳಬೇಕಿತ್ತು. ಲೈಸೆನ್ಸ್ ಜೊತೆ ಟ್ರೌಟ್ ಸ್ಟ್ಯಾಂಪ್ (ಟ್ರೌಟ್ ಹಿಡಿಯಲು ಬೇಕಾದ ಪರವಾನಗಿ) ಕೂಡ ಇದೆ ಅಲ್ವಾ? ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ, ಮೀನು ಬಿಡಿಸುವುದು ಸುಲಭ.

ಹೊಳೆಬದಿ:
ಸ್ಟ್ಯಾಂಪ್ ಇದೆ. ನಿನ್ನೆ ಸಂಜೆ ಹೋಗಿದ್ದೆ, ನೀರು 15 ಡಿಗ್ರಿ. ಕಾಲು ಗಂಟೆ ಮಂಡಿಯೂರಿ ಕೂತೆ. ಬಿಲ್ಲಿನ ಹಾಗೆ ಬಿಟ್ಟ ಮೂರನೆಯ ಸಲ ಫ್ಲೈ ದಂಡೆಗೆ ಒತ್ತಿಕೊಂಡು ತೇಲಿತು, ಗುಳುಂ ಅಂತ ಮಾಯವಾಯಿತು! ಕೈ ಒದ್ದೆ ಮಾಡಿ ಹಿಡಿದೆ. ಒಂದು ಗೇಣು ಉದ್ದ. ಬೆಣ್ಣೆ ಬಣ್ಣದ ಹೊಟ್ಟೆ, ಪಕ್ಕದಲ್ಲಿ ಕುಂಕುಮದ ಚುಕ್ಕಿ, ಪ್ರತಿ ಚುಕ್ಕಿಯ ಸುತ್ತ ತೆಳು ಉಂಗುರ. ಹರಿವಿಗೆ ಮುಖ ಮಾಡಿ ಹಿಡಿದಿದ್ದೆ, ಬಾಲ ಬಡಿದು ಮತ್ತೆ ಅದೇ ದಂಡೆಯ ಕೆಳಗೆ ಹೋಯಿತು. ಮುಂದಿನ ಶನಿವಾರ ನೀವೂ ಬರುತ್ತೀರಾ?